ಸೋರಿದ ಬಣ್ಣದ ಸೊಗಸು

ಹಳೆಯ ಕಾರುಗಳ ಪ್ರದರ್ಶನಕ್ಕೆ ಬರುವವರಲ್ಲಿ ಎರಡು ಜಾತಿ. ಮೊದಲನೆಯವರು ಬಾನೆಟ್ಟಿನ ಹೊಳಪಿನಲ್ಲಿ ತಮ್ಮ ಮುಖ ನೋಡಿ, ಕೂದಲು ಸರಿಮಾಡಿಕೊಂಡು, ಫೋಟೋ ಹೊಡೆಸಿಕೊಂಡು ಮುಂದೆ ಹೋಗುತ್ತಾರೆ. ಎರಡನೆಯವರು ಟಾರ್ಚು ಹಿಡಿದು, ಹುಲ್ಲಿನ ಮೇಲೆ ಅಂಗಾತ ಮಲಗಿ, ಕಾರಿನ ಹೊಟ್ಟೆಯಡಿಗೆ ತೆವಳುತ್ತಾರೆ. ಸ್ವಲ್ಪ ಹೊತ್ತು ಅವರ ಕಾಲುಗಳು ಮಾತ್ರ ಕಾಣಿಸುತ್ತವೆ. ಆಮೇಲೆ ಒಳಗಿನಿಂದ ಒಂದು "ಆಹಾ" ಕೇಳಿಸುತ್ತದೆ. ಆ ಉದ್ಗಾರದ ಬೆನ್ನುಹತ್ತಿ ನಾನೂ ಕೆಳಗೆ ತೆವಳಿದವನು. ಅಂಗಿ ಹಾಳಾಯಿತು; ಅದಕ್ಕೆ ಬೇಸರವಿಲ್ಲ.

ಅಲ್ಲಿ ನೋಡುವುದಾದರೂ ಏನನ್ನು? 1960ರ ದಶಕದ ಫೋರ್ಡ್ ಮಸ್ಟಾಂಗ್ ಒಂದನ್ನು ಬಲ್ಲವರ ಕೈ ಮತ್ತೆ ಹೊಸದು ಮಾಡಿದೆ ಎಂದುಕೊಳ್ಳಿ. ಅದರ ಅಡಿಭಾಗದ ನಡುವೆ ಇಟ್ಟಿಗೆ ಪುಡಿಯ ಬಣ್ಣದ ಪ್ರೈಮರ್. ಎರಡೂ ಪಕ್ಕದಿಂದ ಕಾರಿನ ಮೈಬಣ್ಣ ಮಂಜಿನಂತೆ ಒಳಗೆ ಹಾಯ್ದು, ಗೇಣುದ್ದ ಹೋಗುವಷ್ಟರಲ್ಲಿ ಕರಗಿಹೋಗಿದೆ. ಚಕ್ರದ ಗೂಡಿನಲ್ಲಿ ಡಾಂಬರಿನಂಥ ಕಪ್ಪು ಲೇಪ, ಗೋಡೆಗೆ ಸಗಣಿ ಎರಚಿದ ಹಾಗೆ. ತಗಡಿನ ಸಂದುಗಳಲ್ಲಿ ಮೆತ್ತಿದ ಸೀಲರ್, ಬ್ರಷ್ಷಿನ ಕೂದಲಿನ ಗೆರೆಗಳ ಸಮೇತ. ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಶಾಫ್ಟಿಗೆ ಬಣ್ಣದ ಪಟ್ಟೆ, ಸ್ಪ್ರಿಂಗಿನ ಮೇಲೊಂದು ಮಚ್ಚೆ, ನಟ್ಟಿನ ಮೇಲೆ ಅರಿಸಿನದ ಬೊಟ್ಟಿನಂತೆ ಹಳದಿ. ಒಂದು ಕಡೆ ಬಣ್ಣ ಸೋರಿ, ತೊಟ್ಟಾಗಿ ಬೀಳುವ ಮೊದಲೇ ಒಣಗಿ ನಿಂತಿದೆ.

ಇದೆಲ್ಲ ಅರವತ್ತು ವರ್ಷದ ಹಿಂದಿನದು ಅನ್ನಿಸುತ್ತದೆ, ಅನ್ನಿಸಲೇಬೇಕು. ಆದರೆ ಕೆಲವು ತಿಂಗಳ ಕೆಳಗೆ ಈ ಕಾರಿನಲ್ಲಿ ಬಣ್ಣವೇ ಇರಲಿಲ್ಲ, ಬರಿಯ ತಗಡು. ಸೋರಿದ ಆ ತೊಟ್ಟನ್ನು ಯಾರೋ ಬೇಕೆಂದೇ ಸೋರಿಸಿದ್ದಾರೆ.

ಹಳೆಯ ಕಾರನ್ನು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಮರಳಿಸುವವರ ಅತಿ ಸೂಕ್ಷ್ಮದ ಕೆಲಸ ಇರುವುದು ಇಲ್ಲಿ. ಎಂಜಿನ್ ಕೂಡಿಸುವುದು ಕಷ್ಟವೇ, ಆದರೆ ಅದಕ್ಕೆ ಅಳತೆಯಿದೆ, ಪುಸ್ತಕವಿದೆ. ಇನ್ನೊಬ್ಬನ ಅವಸರವನ್ನು ಅನುಕರಿಸಲು ಯಾವ ಪುಸ್ತಕವೂ ಸಾಲದು. ಅಸೆಂಬ್ಲಿ ಲೈನಿನಲ್ಲಿ ನಿಂತ ಮನುಷ್ಯ ಪಾಳಿ ಮುಗಿಯುವವರೆಗೂ ಸಾಲಾಗಿ ಬರುತ್ತಲೇ ಇದ್ದ ಕಾರುಗಳಿಗೆ ಬಣ್ಣದ ಗನ್ ಹಿಡಿದವನು. ಒಂದು ಕಾರಿನ ಮುಂದೆ ಅವನಿಗೆ ಸಿಗುತ್ತಿದ್ದುದು ನಿಮಿಷಗಳ ಲೆಕ್ಕದ ಹೊತ್ತು. ಅವನ ಕೈ ಬೀಸಿದ ರೀತಿಯನ್ನು ಇಂದಿನ ಕುಶಲಿ ದಿನಗಟ್ಟಲೆ ಕೂತು ಅಭ್ಯಾಸ ಮಾಡುತ್ತಾನೆ. ನಗು ಬರುವ ವಿಷಯ ನಿಜ. ನಾನೂ ಮೊದಲು ನಕ್ಕಿದ್ದೆ.

ಮಸ್ಟಾಂಗ್ ಲೋಕಕ್ಕೆ ಮುಖ ತೋರಿಸಿದ್ದು 1964ರ ಏಪ್ರಿಲ್ 17ರಂದು, ನ್ಯೂಯಾರ್ಕಿನ ವಿಶ್ವಮೇಳದಲ್ಲಿ. ಬೇಡಿಕೆ ಎಷ್ಟು ನುಗ್ಗಿತೆಂದರೆ ಬೇಗನೆ ಮೂರು ಕಡೆ ಕಾರ್ಖಾನೆಗಳು ಓಡತೊಡಗಿದವು: ಮಿಷಿಗನ್‌ನ ಡಿಯರ್‌ಬಾರ್ನ್, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ, ನ್ಯೂಜೆರ್ಸಿಯ ಮೆಟಚನ್. ಕಾರಿನ ಗುರುತು ಸಂಖ್ಯೆಯ ಎರಡನೆಯ ಅಕ್ಷರವೇ ಅದರ ತವರನ್ನು ಹೇಳುತ್ತದೆ. ಎಫ್ ಎಂದರೆ ಡಿಯರ್‌ಬಾರ್ನ್, ಆರ್ ಎಂದರೆ ಸ್ಯಾನ್ ಹೋಸೆ, ಟಿ ಎಂದರೆ ಮೆಟಚನ್. ಬಾಗಿಲಿಗೆ ಬಡಿದ ತಗಡಿನ ಪಟ್ಟಿಯಲ್ಲಿ ಮೈಬಣ್ಣಕ್ಕೂ ಒಂದೇ ಒಂದು ಅಕ್ಷರ. ಎಂ ಇದ್ದರೆ ವಿಂಬಲ್ಡನ್ ವೈಟ್, ಎ ಇದ್ದರೆ ರೇವನ್ ಬ್ಲ್ಯಾಕ್. ಆ ಜಾಗ ಖಾಲಿ ಬಿಟ್ಟಿದ್ದರೆ ಗಿರಾಕಿ ಪಟ್ಟಿಯಲ್ಲಿಲ್ಲದ ಬಣ್ಣ ಕೇಳಿ ಮಾಡಿಸಿಕೊಂಡಿದ್ದಾನೆ ಎಂದರ್ಥ. ಆಗ ಕಾರು ಕೊಂಡವನ ಎದೆ ಡವಡವ ಅನ್ನುತ್ತದೆ.

ತಗಡಿನ ಪಟ್ಟಿ ಹೇಳುವುದು ಅಷ್ಟನ್ನೇ. ಅದು ಹೇಳದ ಸಂಗತಿಯಲ್ಲೇ ರುಚಿ. ಮೂರೂ ಕಾರ್ಖಾನೆಗಳಿಗೆ ಒಂದೇ ನಕ್ಷೆ, ಒಂದೇ ಕಾರು, ಕೈಗುಣ ಮಾತ್ರ ಬೇರೆ. ಒಂದು ಕಡೆ ಅಡಿಮೈಯ ಪ್ರೈಮರ್ ಕೆಂಗಂದು, ಇನ್ನೊಂದು ಕಡೆ ಬೂದು. ಅದೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿತ್ತು. ಯಾರಿಗೂ ಕಾಣದ ಜಾಗಕ್ಕೆ ಒಳ್ಳೆಯ ಬಣ್ಣ ಯಾಕೆ ದಂಡ ಎಂದು, ಉಳಿದುಬಳಿದ ಬಣ್ಣಗಳನ್ನೆಲ್ಲ ಒಂದೇ ಪೀಪಾಯಿಗೆ ಸುರಿದು ಕಲಸಿ ಹೊಡೆಯುವುದೂ ಇತ್ತು. ಆ ಕಲಸುಮೇಲೋಗರಕ್ಕೆ ಮಸ್ಟಾಂಗ್ ಪ್ರಿಯರು ಇಟ್ಟ ಹೆಸರು "ಸ್ಲಾಪ್ ಗ್ರೇ", ನಮ್ಮ ಭಾಷೆಯಲ್ಲಿ ಕಲಗಚ್ಚಿನ ಬೂದು ಅನ್ನಬಹುದು. ಆ ದಿನ ಪೀಪಾಯಿಯಲ್ಲಿ ನೀಲಿ ಹೆಚ್ಚಿದ್ದರೆ ಬೂದು ನೀಲಿಗೆ ಜಾರುತ್ತಿತ್ತು, ಹಸಿರು ಹೆಚ್ಚಿದ್ದರೆ ಹಸಿರಿಗೆ. ಇಂಥ ಬಣ್ಣಕ್ಕೆ ಸೂತ್ರವಿಲ್ಲ, ಸಂಕೇತಾಕ್ಷರವಿಲ್ಲ, ಯಾವ ಅಂಗಡಿಯಲ್ಲೂ ಡಬ್ಬಿಯಲ್ಲಿ ಸಿಗುವುದಿಲ್ಲ. ಅದನ್ನು ಮತ್ತೆ ಕಲಸಬೇಕಾದರೆ ಆ ಕಾರಿನಲ್ಲೇ ಎಲ್ಲಾದರೂ ಒಂದು ಚೂರು ಉಳಿದಿರಬೇಕು.

ಆದ್ದರಿಂದ ಈ ಕೆಲಸ ಶುರುವಾಗುವುದು ಬಣ್ಣ ಬಳಿಯುವುದರಿಂದಲ್ಲ, ಉತ್ಖನನದಿಂದ. ಮಾಲೀಕರು ಬದಲಾದಂತೆ ಕಾರಿನ ಮೇಲೆ ಪದರದ ಮೇಲೆ ಪದರ ಬಿದ್ದಿರುತ್ತದೆ. ಅದನ್ನು ನಯವಾದ ಉಪ್ಪುಕಾಗದದಿಂದ ನೀರು ಹಾಕಿ, ರೂಪಾಯಿ ನಾಣ್ಯದಗಲದ ಜಾಗದಲ್ಲಿ ಉಜ್ಜುತ್ತಾ ಹೋದರೆ ಮರದ ಕಾಂಡ ಕೊಯ್ದಾಗ ಕಾಣುವ ವರ್ಷದುಂಗುರಗಳಂತೆ ಬಣ್ಣದ ಉಂಗುರಗಳು ಒಂದರೊಳಗೊಂದು ತೆರೆದುಕೊಳ್ಳುತ್ತವೆ. ಹೊರಗಡೆಗೆ ನೆನ್ನೆಮೊನ್ನೆಯ ಕೆಂಪು, ಒಳಗೆ ಯಾವುದೋ ದಶಕದ ಕಂದು, ಅದರೊಳಗೆ ತಿಳಿನೀಲಿ, ನಡುವೆ ಪ್ರೈಮರ್, ಕಣ್ಣಿನ ಪಾಪೆಯಂತೆ ತಗಡು. ತಿಳಿನೀಲಿಯೇ ಹುಟ್ಟುಬಣ್ಣ. ಬಾಗಿಲ ಹೊಸ್ತಿಲಿನ ಪಟ್ಟಿಯ ಕೆಳಗೆ, ರಬ್ಬರಿನ ಮರೆಯಲ್ಲಿ, ಡ್ಯಾಶ್‌ಬೋರ್ಡಿನ ಬೆನ್ನಿಗೆ ಬಿಸಿಲು ಕಾಣದ ತುಣುಕುಗಳು ಅಡಗಿರುತ್ತವೆ. ಎಂಜಿನ್ನಿಗೂ ಸವಾರರಿಗೂ ನಡುವಿನ ಬೆಂಕಿಗೋಡೆಯ ಮೇಲೆ ಮೇಣದ ಬಳಪದಿಂದ ಯಾರೋ ಗೀಚಿದ ಅಂಕಿಯೊಂದು ಕೊಳೆಯಡಿಯಲ್ಲಿ ಸಿಕ್ಕಿದರಂತೂ ಅಂದು ಗ್ಯಾರೇಜಿನಲ್ಲಿ ಹಬ್ಬ. ಪಾರದರ್ಶಕ ಹಾಳೆ ಇಟ್ಟು ಅದನ್ನು ತಿದ್ದಿಕೊಳ್ಳುತ್ತಾರೆ, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯುತ್ತಾರೆ, ಎಲ್ಲ ಆದಮೇಲೆಯೇ ಕಾರನ್ನು ತಗಡಿನವರೆಗೆ ಸುಲಿಯುವುದು.

ಆಮೇಲಿನ ಒಂದು ಸೂಕ್ಷ್ಮ ನನಗೆ ಬಹಳ ಇಷ್ಟ. ಈ ಕಾಲದ ಗ್ಯಾರೇಜುಗಳಲ್ಲಿ ಬಿಚ್ಚಿದ ಕಾರನ್ನು ಮುಂದೆ ಹಿಂದೆ ಹಿಡಿದು, ಕೆಂಡದ ಮೇಲೆ ಕೋಳಿ ತಿರುಗಿಸುವ ಕಡ್ಡಿಯಂಥ ಚೌಕಟ್ಟಿಗೆ ಸಿಕ್ಕಿಸುತ್ತಾರೆ. ಬೇಕಾದ ಹಾಗೆ ಮಗುಚಬಹುದು, ಬೆನ್ನು ನೋಯಿಸಿಕೊಳ್ಳದೆ ಅಡಿಭಾಗಕ್ಕೆ ನಿಂತುಕೊಂಡೇ ಬಣ್ಣ ಹೊಡೆಯಬಹುದು. ಬಣ್ಣ ಚೆನ್ನಾಗಿಯೇ ಕೂರುತ್ತದೆ. ಆದರೆ ಮಗುಚಿದ ಕಾರಿನಲ್ಲಿ ಸೋರಿದ ತೊಟ್ಟು ಯಾವ ಕಡೆ ಇಳಿಯುತ್ತದೆ? ಕಾರಿನ ಚಾವಣಿಯ ಕಡೆಗೆ. ಕಾರು ನೆಟ್ಟಗೆ ನಿಂತಾಗ ಆ ತೊಟ್ಟು ಆಕಾಶಕ್ಕೆ ಮುಖಮಾಡಿ ಮೇಲಕ್ಕೆ ಸೋರಿದಂತೆ ಕಾಣುತ್ತದೆ. ಟಾರ್ಚು ಹಿಡಿದು ಕೆಳಗೆ ಮಲಗಿದವರು ಮೊದಲು ಹುಡುಕುವುದೇ ಇದನ್ನು. ಅದಕ್ಕೆ ಶ್ರದ್ಧೆಯುಳ್ಳವರು ಕೊನೆಯ ಸುತ್ತಿಗೆ ಕಾರನ್ನು ನೆಟ್ಟಗೆ ನಿಲ್ಲಿಸಿ, ಕಾರ್ಖಾನೆಯ ಆಳು ನಿಂತಿದ್ದಿರಬಹುದಾದ ಎತ್ತರದಲ್ಲಿ ಗನ್ ಹಿಡಿದು, ಪಕ್ಕದಿಂದ ಮೈಬಣ್ಣ ಬೀಸುತ್ತಾರೆ. ಕಾಗದ ಅಂಟಿಸಿ ಗೆರೆ ಕೊರೆದಂತೆ ಬಣ್ಣ ನಿಲ್ಲಿಸುವುದಿಲ್ಲ. ಹನಿಗಳು ಹೋದಷ್ಟು ದೂರ ಹೋಗಲಿ, ಸಾಕಾದಲ್ಲಿ ನಿಲ್ಲಲಿ.

ಇನ್ನು ಮೇಲ್ಮೈಯ ಮಾತು. ಹತ್ತಿರದಿಂದ, ಓರೆ ಬೆಳಕಿನಲ್ಲಿ ನೋಡಿದರೆ ಆ ಕಾಲದ ಮಸ್ಟಾಂಗ್‌ನ ಮೈ ಗಾಜಿನಂತಿಲ್ಲ. ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ತಗ್ಗುದಿಣ್ಣೆ. ಗನ್ನಿನಿಂದ ಹಾರಿದ ಹನಿಗಳು ತಗಡಿನ ಮೇಲೆ ಕೂತು, ಒಂದರೊಡನೊಂದು ಹರಿದು ಸಮತಟ್ಟಾಗುವ ಮೊದಲೇ ದ್ರಾವಕ ಆವಿಯಾದರೆ ಹೀಗಾಗುತ್ತದೆ. ಫೋರ್ಡ್ ಬಳಸುತ್ತಿದ್ದುದು ಎನಾಮೆಲ್. ಹೊಡೆದು, ಒಲೆಗೆ ದೂಡಿ ಬೇಯಿಸಿದರೆ ಮುಗಿಯಿತು, ಉಜ್ಜಿ ಹೊಳಪು ಕೊಡುವ ಗೊಡವೆಯಿಲ್ಲ. ಸಿಪ್ಪೆ ಸಿಪ್ಪೆಯಾಗಿಯೇ ಗಿರಾಕಿಯ ಮನೆಗೆ ಹೋಗುತ್ತಿತ್ತು. ಜನರಲ್ ಮೋಟರ್ಸ್ ಮಾತ್ರ ಲ್ಯಾಕರ್ ಹಿಡಿದಿತ್ತು. ಲ್ಯಾಕರ್ ಬೇಗ ಒಣಗುತ್ತದೆ, ಉಜ್ಜಿದರೆ ಮಿರುಗುತ್ತದೆ. ಎರಡರ ಹೊಳಪೂ ಬೇರೆ. ಎನಾಮೆಲ್‌ನದು ಹೊಸ ಪಾತ್ರೆಯ ಹೊಳಪು. ಲ್ಯಾಕರಿನದು ಕೊಬ್ಬರಿ ಎಣ್ಣೆ ಹಚ್ಚಿದ ಮೈಯದು. ಬೆಳಕು ಸ್ವಲ್ಪ ಒಳಗಿಳಿದು ಬಂದಂತೆ. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ದಪ್ಪಗೆ ಸುರಿಯುವ ಪಾರದರ್ಶಕ ಲೇಪವಿದೆಯಲ್ಲ, ಅದು ಮೂರನೆಯದೇ ಜಾತಿ. ಹಳೆಯ ಕಾರಿಗೆ ಅದನ್ನು ಬಳಿದರೆ ಮಿಠಾಯಿಗೆ ಪಾಕ ಹಿಡಿಸಿದ ಹಾಗೆ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಬಾಳಿಕೆಗೆ ಅದೇ ಉತ್ತಮ ಎನ್ನುವವರೊಡನೆ ನನ್ನ ಜಗಳವಿಲ್ಲ, ಆದರೆ ಕಣ್ಣು ಒಪ್ಪುವುದಿಲ್ಲ.

ಲ್ಯಾಕರ್ ಎಂದಾಗ ನಾವು ಒಂದು ಗಳಿಗೆ ನಿಲ್ಲಬೇಕು, ಯಾಕೆಂದರೆ ಆ ಪದ ಹೊರಟದ್ದು ನಮ್ಮ ಕಡೆಯಿಂದ. ಸಂಸ್ಕೃತದ ಲಾಕ್ಷಾ, ಕನ್ನಡದ ಅರಗು. ಚನ್ನಪಟ್ಟಣದ ಗೊಂಬೆಯ ಮೈಮೇಲೆ ಮಿರುಗುವುದು ಅದೇ. ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡು ಯುರೋಪಿಗೆ ಹೋದ ಪದ ಕೊನೆಗೆ ಡೆಟ್ರಾಯಿಟಿಗೆ ತಲುಪಿತು. ಅಲ್ಲಿಗೆ ತಲುಪುವಾಗ ಪದ ಉಳಿದಿತ್ತು, ಅರಗು ಉಳಿದಿರಲಿಲ್ಲ. ಅದರ ಜಾಗದಲ್ಲಿ ನೈಟ್ರೋಸೆಲ್ಯುಲೋಸ್ ಇತ್ತು, ಹತ್ತಿಯನ್ನು ಆಮ್ಲದಲ್ಲಿ ಅದ್ದಿ ಪಡೆಯುವ, ಸಿಡಿಮದ್ದಿನ ಹತ್ತಿರದ ಬಂಧು. ಮೊದಲನೆಯ ಮಹಾಯುದ್ಧ ಮುಗಿದಾಗ ಮದ್ದಿನ ಕಂಪನಿಯಾದ ಡ್ಯೂಪಾಂಟ್ ಬಳಿ ಅದನ್ನು ತಯಾರಿಸುವ ಶಕ್ತಿ ಬೇಕಾದಷ್ಟಿತ್ತು, ಯುದ್ಧ ಇರಲಿಲ್ಲ. ಅದನ್ನು ಬಣ್ಣವಾಗಿಸಿ ಡ್ಯೂಕೋ ಎಂದು ಹೆಸರಿಟ್ಟರು. ಜನರಲ್ ಮೋಟರ್ಸ್‌ನ ಓಕ್‌ಲ್ಯಾಂಡ್ ಕಾರುಗಳು 1923ರಲ್ಲಿ, 1924ರ ಮಾದರಿಯೆಂದು, ಇದೇ ಬಣ್ಣದ ನೀಲಿಯಲ್ಲಿ ಹೊರಬಂದವು. ಅಲ್ಲಿಯವರೆಗೆ ಕುದುರೆಗಾಡಿಯ ಕಾಲದ ವಾರ್ನಿಶ್ ಪದ್ಧತಿಯಲ್ಲಿ ಒಂದು ಕಾರಿಗೆ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. ಡ್ಯೂಕೋ ಅದನ್ನು ದಿನಗಳಿಗೆ ಇಳಿಸಿತು. ನಮ್ಮ ಊರುಗಳಲ್ಲಿ ಬಡಗಿ ಇವತ್ತಿಗೂ ವಾರ್ಡ್‌ರೋಬ್ ತೋರಿಸಿ "ಡ್ಯೂಕೋ ಹೊಡೆಸೋಣವಾ ಸಾರ್" ಎಂದು ಕೇಳುತ್ತಾನಲ್ಲ, ಆ ಡ್ಯೂಕೋ ಇದೇ. ಅರಗಿನ ಮನೆಯ ಕತೆ ಕೇಳಿ ಬೆಳೆದ ನಮಗೆ, ಹೊಸ ಅರಗೂ ಹೊತ್ತಿಕೊಳ್ಳುವ ಬುದ್ಧಿಯನ್ನು ಬಿಡಲಿಲ್ಲ ಎಂಬುದು ಸೋಜಿಗವೇನಲ್ಲ.

ಫೋರ್ಡಿನ ಮಾಡೆಲ್ ಟಿ ಕಾರನ್ನು ಇಲ್ಲಿ ಬಿಡುವಂತಿಲ್ಲ. 1914ರಿಂದ 1925ರವರೆಗೆ ಅದು ಕಪ್ಪಿನಲ್ಲಿ ಮಾತ್ರ ಬಂತು; ಅದಕ್ಕೂ ಮೊದಲು ಹಸಿರು, ಕೆಂಪು, ನೀಲಿ ಎಲ್ಲ ಇದ್ದವು. ಕಪ್ಪು ಎಂದರೆ ಒಂದೇ ಕಪ್ಪು ಎಂದುಕೊಳ್ಳಬೇಡಿ. ಬೇರೆಬೇರೆ ಭಾಗಕ್ಕೆ ಬೇರೆಬೇರೆ ಕಪ್ಪು, ಕೆಲವು ಭಾಗ ತೊಟ್ಟಿಯಲ್ಲಿ ಮುಳುಗಿಸಿದ್ದು, ಮೈಗೆ ಮೇಲಿನಿಂದ ಬಣ್ಣ ಹರಿಯಬಿಟ್ಟದ್ದು. ಆ ಕಾರಿಗೆ ಇಂದು ಗನ್ ಹಿಡಿದು ಎಷ್ಟೇ ಚೆಂದ ಕಪ್ಪು ಹೊಡೆದರೂ ಅಂಚಿನಲ್ಲಿ ಬಣ್ಣ ಇಳಿದು ದಪ್ಪಗಟ್ಟಿದ ಆ ತುಟಿ ಬರುವುದಿಲ್ಲ.

ಈ ಹುಚ್ಚಿಗೆ ಕಾನೂನು ಬರೆದವರೆಂದರೆ ಕಾರ್ವೆಟ್ ಮಂದಿ. ಷೆವರ್ಲೆಯ ಕಾರ್ವೆಟ್ ತಗಡಿನ ಕಾರಲ್ಲ, ಗಾಜಿನೆಳೆಯ ಪ್ಲಾಸ್ಟಿಕ್ ಮೈ. 1953ರಲ್ಲಿ ಮೊದಲು ಬಂದ 300 ಕಾರುಗಳೂ ಬಿಳಿ. ಆಮೇಲೆ 1981ರವರೆಗೆ ಮಿಸ್ಸೌರಿಯ ಸೇಂಟ್ ಲೂಯಿಸ್‌ನಲ್ಲಿ ತಯಾರಾದವು. ಅದರ ಭಕ್ತರು 1974ರಲ್ಲಿ ನ್ಯಾಷನಲ್ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ ಕಟ್ಟಿಕೊಂಡರು. ಅವರ ಪರೀಕ್ಷೆಯಲ್ಲಿ ನೂರಕ್ಕೆ 94 ಬಂದರೆ ಮಾತ್ರ ಮೊದಲ ದರ್ಜೆ. ಪ್ರಶ್ನೆ ಒಂದೇ: ಈ ಕಾರು ಅಂದಿನ ಕಾರ್ಖಾನೆಯಿಂದ ಸಾಮಾನ್ಯವಾಗಿ ಹೊರಬರುತ್ತಿದ್ದ ಹಾಗಿದೆಯೇ? ಅದಕ್ಕಿಂತ ಚೆನ್ನಾಗಿದ್ದರೆ ಅಂಕ ಕಡಿತ! ಬಾಗಿಲ ಸಂದು ಕೂದಲೆಳೆಯಷ್ಟು ಸಮವಾಗಿದ್ದರೆ, ಬಾಗಿಲ ಒಳಮೂಲೆಯೂ ಕನ್ನಡಿಯಾಗಿದ್ದರೆ, ಲ್ಯಾಕರಿನ ಬದಲು ಪಾರದರ್ಶಕ ಲೇಪ ಹೊಳೆಯುತ್ತಿದ್ದರೆ ಪರೀಕ್ಷಕ ಪೆನ್ಸಿಲು ಎತ್ತುತ್ತಾನೆ. ಮೇಷ್ಟ್ರ ಕೈಲಿ "ಅಕ್ಷರ ಇಷ್ಟು ದುಂಡಗೆ ಬರೆದಿದ್ದೀಯ, ಎರಡು ಅಂಕ ಕಡಿಮೆ" ಎಂದು ಬೈಸಿಕೊಂಡಂತೆ.

ಈ ಕಾನೂನೂ ಒಂದು ಕಡೆ ಮುಗ್ಗರಿಸುತ್ತದೆ, ಅದು ಬಹಳ ಚೆಲುವಾದ ಮುಗ್ಗರಿಕೆ. ಷೆವರ್ಲೆ ಎಂಜಿನ್‌ಗಳನ್ನು ಜೋಡಿಸಿದ ಮೇಲೆ ಕಿತ್ತಳೆ ಬಣ್ಣ ಹೊಡೆಯುತ್ತಿದ್ದರು. ಹೊಡೆಯುವಾಗ ಪಕ್ಕದ ಬೀಡುಕಬ್ಬಿಣದ ಹೊಗೆಕೊಳವೆಯ ಮೇಲೂ ಒಂದಿಷ್ಟು ಬೀಳುತ್ತಿತ್ತು. ಎಂಜಿನ್ ಮೊದಲ ಬಾರಿ ಚೆನ್ನಾಗಿ ಕಾದದ್ದೇ ತಡ, ಆ ಕಿತ್ತಳೆ ಸುಟ್ಟು ಹಾರಿಹೋಗುತ್ತಿತ್ತು. ಇದನ್ನೂ ಮರಳಿಸಬೇಕೇ? ಮರಳಿಸಿದರೆ ಕಾರು ಓಡಿಸುವಂತಿಲ್ಲ. ಓಡಿಸಿದರೆ ಅದು ಇರುವುದಿಲ್ಲ. ಕೆಲವರು ಆ ತುಂತುರು ಹೊಡೆದು, ಟ್ರೇಲರಿನಲ್ಲಿ ಕಾರನ್ನು ಹೊತ್ತು ತಂದು, ಪರೀಕ್ಷೆ ಮುಗಿಯುವವರೆಗೆ ಎಂಜಿನ್ ಬಿಸಿಯಾಗದಂತೆ ಕಾಯುತ್ತಾರೆ. ಒಂದೆರಡು ಮೈಲಿಯ ಆಯುಸ್ಸಿನ ಬಣ್ಣ! ಸಂಜೆ ಅಳಿಸಿಹೋಗುವುದು ಗೊತ್ತಿದ್ದೂ ಬೆಳಿಗ್ಗೆ ರಂಗೋಲಿ ಇಡುವ ನಾವು ಇದನ್ನು ಗೇಲಿ ಮಾಡುವಂತಿಲ್ಲ.

ನನಗೆ ಸಿಟ್ಟು ಬರುವ ವಿಷಯವೂ ಇದೆ. ಬಳಪದ ಗುರುತುಗಳನ್ನು ಕೊರೆದ ಅಚ್ಚಿನ ರೂಪದಲ್ಲಿ ಮಾರುತ್ತಾರೆ; ಕೊಂಡು ತಂದು, ಇಟ್ಟು, ಬಳಿದರೆ ಆಯಿತು. ಯಾವುದೋ ಕಾರಿನಲ್ಲಿ ಯಾವುದೋ ದಿನ ಯಾರೋ ಗೀಚಿದ ಏಳು ಎಂಬ ಅಂಕಿ ನೂರಾರು ಕಾರುಗಳ ಮೇಲೆ ಒಂದೇ ಬಾಲ ಬೀಸಿಕೊಂಡು ಕುಳಿತಿರುತ್ತದೆ. ಇದು ಬೇರೆಯವರ ರುಜು ಹಾಕಿದಂತೆ. ಆ ಕಾರಿನ ಮೈಯಲ್ಲಿ ಗುರುತು ಸಿಕ್ಕಿದ್ದರೆ ತಿದ್ದಿ ಬರೆಯಿರಿ. ಸಿಗದಿದ್ದರೆ ಖಾಲಿ ಬಿಡಿ. ಬೆಂಕಿಗೋಡೆ ಬೋಳಾಗಿದ್ದರೆ ಯಾರ ಗಂಟೂ ಹೋಗುವುದಿಲ್ಲ.

ಇಷ್ಟೆಲ್ಲ ಕೈಚಳಕ ಮೆಚ್ಚಿದ ಮೇಲೂ ಮುಟ್ಟದೇ ಉಳಿದ ಕಾರಿನ ಮುಂದೆ ನಿಂತಾಗ ಆಗುವ ರೋಮಾಂಚನವೇ ಬೇರೆ. "ಬುಲಿಟ್" ಸಿನಿಮಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತಗಳ ಮೇಲೆ ಸ್ಟೀವ್ ಮೆಕ್ವೀನ್ ಓಡಿಸಿದ 1968ರ ಹಸಿರು ಮಸ್ಟಾಂಗ್ 2020ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಹರಾಜಾಯಿತು. ಬಣ್ಣ ಮಾಸಿತ್ತು, ಅಲ್ಲಲ್ಲಿ ತುಕ್ಕು. ಕೂಗು ನಿಂತಿದ್ದು 34 ಲಕ್ಷ ಡಾಲರಿಗೆ. ಪೆಬಲ್ ಬೀಚಿನ ಪ್ರದರ್ಶನದಲ್ಲಿ ದಶಕಗಳ ಕಾಲ ಕನ್ನಡಿಯಂತೆ ಹೊಳೆಯುವ ಕಾರುಗಳೇ ಕಿರೀಟ ಹೊತ್ತವು. 2024ರಲ್ಲಿ ಮೊದಲ ಸಲ, ಹೊಸದು ಮಾಡದೆ ಹಾಗೇ ಕಾಪಾಡಿಕೊಂಡು ಬಂದ 1934ರ ಬುಗಾಟಿ ಟೈಪ್ 59 ಅಗ್ರಸ್ಥಾನ ಪಡೆಯಿತು.

ಆ ಬುಲಿಟ್ ಕಾರಿನ ಗುರುತು ಸಂಖ್ಯೆಯಲ್ಲಿ ಎರಡನೆಯ ಅಕ್ಷರ ಆರ್. ಅಂದರೆ ಸ್ಯಾನ್ ಹೋಸೆ ಕಾರ್ಖಾನೆ. ಹೆಸರು ಸ್ಯಾನ್ ಹೋಸೆಯದಾದರೂ ಅದು ಇದ್ದುದು ಪಕ್ಕದ ಮಿಲ್ಪಿಟಾಸ್‌ನಲ್ಲಿ. 1983ರಲ್ಲಿ ಮುಚ್ಚಿತು, 1994ರಲ್ಲಿ ಅದೇ ಕಟ್ಟಡ ಗ್ರೇಟ್ ಮಾಲ್ ಆಯಿತು. ಬೇ ಏರಿಯಾದ ಕನ್ನಡಿಗರಿಗೆ ಚಿರಪರಿಚಿತ ಜಾಗ. ಊರಿಂದ ಬಂದ ಅಪ್ಪ ಅಮ್ಮನಿಗೆ ಶೂ, ಸ್ವೆಟರು ಕೊಡಿಸಲು ಕರೆದೊಯ್ಯುವುದು ಅಲ್ಲಿಗೇ. ಗೆಳೆಯನ ಜೊತೆ ನಾನೂ ಹೋಗಿದ್ದೆ. ಅವನು ರಿಯಾಯಿತಿ ಹುಡುಕುತ್ತಿದ್ದ, ನಾನು ತಲೆಯೆತ್ತಿ ಸೂರು ನೋಡುತ್ತಿದ್ದೆ. ಹಸಿರು ತುಂತುರು ಎಲ್ಲಾದರೂ ಉಳಿದಿರಬಹುದೇ ಎಂಬ ಆಸೆ. ಇರಲಿಲ್ಲ. ಎಲ್ಲ ಕಡೆ ಸುಣ್ಣಬಣ್ಣ ಚೊಕ್ಕವಾಗಿ ಆಗಿತ್ತು.

ನಮ್ಮ ಮನೆಯಲ್ಲೊಂದು ಪ್ರೀಮಿಯರ್ ಪದ್ಮಿನಿ ಇತ್ತು. ಅದನ್ನು ಹೊಸದಾಗಿ ಕಾಣಿಸಬೇಕೆಂಬ ಹುರುಪಿನಲ್ಲಿ ಅಪ್ಪ ಒಂದು ಡೆಂಟಿಂಗ್ ಪೇಂಟಿಂಗ್ ಗ್ಯಾರೇಜಿಗೆ ಬಿಟ್ಟರು. ಹದಿನೈದು ದಿನದ ಮೇಲೆ ಬಂದ ಕಾರು ಹಾಲಿನಂತೆ ಬಿಳಿ. ಬಾಗಿಲ ರಬ್ಬರೂ ಬಿಳಿ, ಬಾನೆಟ್ಟಿನಡಿಯ ನಂಬರ್ ಪಟ್ಟಿಯೂ ಬಿಳಿ, ಒಂದೆರಡು ಸ್ಕ್ರೂಗಳ ತಲೆಯ ಸೀಳೂ ಬಿಳಿಯಿಂದ ತುಂಬಿತ್ತು. ಕಾರ್ಖಾನೆಯ ಅವಸರಕ್ಕೂ ಆ ಗ್ಯಾರೇಜಿನ ಅವಸರಕ್ಕೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ಇವತ್ತಿಗೂ ನನ್ನ ಹತ್ತಿರ ಸರಿಯಾದ ಉತ್ತರವಿಲ್ಲ. ಅದನ್ನು ಮಾರುವ ಹಿಂದಿನ ದಿನ ಡಿಕ್ಕಿ ಖಾಲಿ ಮಾಡುವಾಗ, ಸ್ಟೆಪ್ನಿ ಕೂರುವ ಗುಂಡಿಯ ಮೂಲೆಯಲ್ಲಿ ಅಂಗೈ ಅಗಲದ ಬೂದುಹಸಿರು ಕಂಡಿತು. ನಾನು ಹುಟ್ಟುವ ಮೊದಲಿನ ಬಣ್ಣ, ಮೇಲೆ ಯಾರದೋ ಸೋರಿದ ಒಂದು ತೊಟ್ಟು. ಫೋಟೋ ತೆಗೆಯಲು ಹೊಳೆಯಲಿಲ್ಲ.

ನಿಮ್ಮ ಮನೆಯ ಹಿತ್ತಿಲಲ್ಲೋ ಅಜ್ಜನ ಮನೆಯ ಕೊಟ್ಟಿಗೆಯಲ್ಲೋ ಒಂದು ಅಂಬಾಸಿಡರ್, ಒಂದು ಪದ್ಮಿನಿ, ಮೈಸೂರಿನಲ್ಲೇ ಹುಟ್ಟಿದ ಒಂದು ಜಾವಾ ಟಾರ್ಪಾಲಿನಡಿ ಕೂತಿದ್ದರೆ ಪೇಂಟರಿಗೆ ಫೋನು ಮಾಡುವ ಮುಂಚೆ ರಬ್ಬರು ಎತ್ತಿ ನೋಡಿ, ಸೀಟು ಬಿಚ್ಚಿ ನೋಡಿ. ಹಳೆಯ ಬಣ್ಣ ಸಿಕ್ಕಿದರೆ ಒಳ್ಳೆಯ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದುಕೊಳ್ಳಿ. ಆ ಅಂಗೈ ಅಗಲದ ಜಾಗವನ್ನು ಉಜ್ಜಬೇಡಿ ಎಂದು ಪೇಂಟರಿಗೆ ಎರಡು ಸಲ ಹೇಳಿ. ಒಂದು ಸಲ ಹೇಳಿದರೆ ಮರೆಯುತ್ತಾರೆ.